ಹುಳು ಹಣ್ಣಾಗುವ ವಾರದ ನೋವು

ಸುನಂದಾಂಟಿ ನನ್ನನ್ನು ನೋಡಿದ ಮೊದಲ ದಿನವೇ ಮೂಸಿದ್ದರು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಕುತ್ತಿಗೆಯ ಹತ್ತಿರ ಮೂಗು ತಂದು ಮೂಸಿದರು. ಆಗ ನಾನೂ ಅವರ ಮಗಳು ಹಂಸವೇಣಿಯೂ ಮಾಲೂರಿನಲ್ಲಿ ಒಟ್ಟಿಗೆ ಪಿಯುಸಿ ಓದುತ್ತಿದ್ದೆವು. ಒಂದು ಶನಿವಾರ ಕಾಲೇಜು ಮುಗಿಸಿ, ಹಂಸಳ ಜೊತೆ ಲಕ್ಕೂರಿನ ಬಸ್ಸು ಹತ್ತಿ, ಇಳಿದು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಅವರ ಮನೆ ತಲುಪಿದ್ದೆ. ಬೆಳಿಗ್ಗೆ ಹೊರಡುವಾಗ ನಮ್ಮಪ್ಪನ ಅತ್ತರಿನ ಶೀಷೆಯಿಂದ ಒಂದು ಹನಿ ತೆಗೆದು ಹಚ್ಚಿಕೊಂಡಿದ್ದೆ, ಅಷ್ಟೇ. ಸುನಂದಾಂಟಿ ಎರಡು ಹೆಜ್ಜೆ ಹಿಂದೆ ಸರಿದು, "ಇವಳನ್ನ ಹುಳು ಮನೆ ಕಡೆ ಬಿಡ್ಬೇಡ ಕಣೇ ಹಂಸಾ, ನನ್ನ ಹುಳ ಎಲ್ಲಾ ಸೊಪ್ಪು ಬಿಟ್ಟು ಇವಳ ಹಿಂದೇನೇ ಮಾಲೂರಿಗೆ ಹೊರಟುಹೋಗ್ತವೆ" ಅಂದರು.

ಅವತ್ತೇ ನನಗೆ ಅವರು ಇಷ್ಟವಾಗಿಬಿಟ್ಟರು. ಮೂವತ್ತೆಂಟು ವರ್ಷದ ಹೆಂಗಸು, ತೆಳ್ಳಗೆ, ಬಾಯಿ ಮಾತ್ರ ಚುರುಕು. ಕೈಕಾಲು ತೊಳೆಸಿ, ಕುತ್ತಿಗೆಗೆ ಸೋಪು ಹಾಕಿಸಿ, ಹಂಸಳ ಹಳೇ ನೈಟಿ ತೊಡಿಸಿ ಆಮೇಲೆ ಹುಳು ಮನೆ ತೋರಿಸಿದರು. ರೇಷ್ಮೆ ಹುಳುವಿಗೆ ಯಾವ ಗಾಟು ವಾಸನೆಯೂ ಆಗುವುದಿಲ್ಲ, ಬೀಡಿ ಹೊಗೆ ಆಗುವುದಿಲ್ಲ, ಔಷಧಿ ಹೊಡೆದ ಸೊಪ್ಪು ಆಗುವುದಿಲ್ಲ. ಮತ್ತೆ, ಮುಟ್ಟಾದ ಹೆಂಗಸಿನ ನೆರಳೂ ಆಗುವುದಿಲ್ಲ ಎಂದು ಸುನಂದಾಂಟಿಯ ಅತ್ತೆ ಚಿಕ್ಕಗಂಗಮ್ಮ ಜಗುಲಿಯಿಂದಲೇ ಸೇರಿಸಿದರು. ನಾನು ಒಳಗೆ ಹೋಗುವ ಮುಂಚೆ ಅಜ್ಜಿ ನನ್ನನ್ನೂ ಮುಟ್ಟಾಗಿದ್ದೀಯಾ ಎಂದು ಕೇಳಿದರು, ಎಲ್ಲರೆದುರಿಗೆ, ಸ್ವಲ್ಪವೂ ಸಂಕೋಚವಿಲ್ಲದೆ. ನಾನು ಕೆಂಪಗಾಗಿ ಇಲ್ಲ ಅಂದೆ. ಒಳಗೆ ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು, ಹೊರಗೆ ಮಳೆ ಬಂದಂತೆ ಕೇಳುತ್ತಿತ್ತು. ಎಷ್ಟು ಖುಷಿಯಾಯಿತು ಅಂದರೆ ನಾನು ಆಮೇಲೆ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗತೊಡಗಿದೆ.

ಹೋಗಿ ಬಂದು ಮಾಡುತ್ತಾ ಆ ಮನೆಯ ಒಂದು ಏರ್ಪಾಡು ನನಗೆ ಗೊತ್ತಾಯಿತು. ಅವರು ತಿಂಗಳಿಗೊಂದು ಬೆಳೆ ತೆಗೆಯುತ್ತಿದ್ದರು. ಚಾಕಿ ಕೇಂದ್ರದಿಂದ ಚಾಕಿ, ಅಂದರೆ ಸಣ್ಣ ಹುಳು, ತರುವುದು, ಅದಕ್ಕೆ ಸೊಪ್ಪು ಹಾಕಿ ದೊಡ್ಡದು ಮಾಡುವುದು, ಅದು ಹಣ್ಣಾದ ಮೇಲೆ, ಅಂದರೆ ಗೂಡು ಕಟ್ಟುವಷ್ಟು ಬಲಿತ ಮೇಲೆ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಗೆ ಬಿಡುವುದು. ಹುಳು ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ, ಆಗ ಸೊಪ್ಪು ಮುಟ್ಟದೆ ಮಂಕಾಗಿ ಮಲಗುತ್ತದೆ. ಅದನ್ನು ಅವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಆ ವಾರ ಮನೆಯವರಿಗೆ ನಿದ್ದೆಯಿಲ್ಲ, ಸುನಂದಾಂಟಿ ತಲೆ ತುಂಬ ಸೊಪ್ಪಿನ ಹೊರೆ ಹೊತ್ತುಕೊಂಡು ತೋಟಕ್ಕೂ ಹುಳು ಮನೆಗೂ ಓಡಾಡುವುದೇ ಓಡಾಡುವುದು. ಆ ವಾರ ಸೊಸೆ ಹೊರಗೆ ಕೂತರೆ ಬೆಳೆ ಕೆಟ್ಟಂತೆಯೇ. ಅದಕ್ಕೆ ಚಿಕ್ಕಗಂಗಮ್ಮ ಒಂದು ಉಪಾಯ ಮಾಡಿದ್ದರು. ಸೊಸೆ ಮುಟ್ಟಾಗಿ, ತಲೆಗೆ ನೀರು ಹಾಕಿಕೊಂಡು ಮೂರು ನಾಲ್ಕು ದಿನಕ್ಕೆ ಚಾಕಿ ತರಿಸುವುದು. ಆಗ ಸರಿಯಾಗಿ ಲೆಕ್ಕ ಕೂತು, ಹುಳುವಿಗೆ ಹಸಿವು ಹೆಚ್ಚಿದ ವಾರವೆಲ್ಲ ಸೊಸೆ ಒಳಗಿರುತ್ತಾಳೆ, ಹುಳು ಚಂದ್ರಿಕೆ ಹತ್ತಿದ ಮೇಲೆ ಹೊರಗೆ ಕೂರುತ್ತಾಳೆ.

ಸುನಂದಾಂಟಿಯ ತಿಂಗಳು ಗಡಿಯಾರದ ಹಾಗೆ. ಅದು ಅವರ ಗಂಡ ಅಶ್ವತ್ಥಪ್ಪ ಅಂಕಲ್‌ಗೂ ಗೊತ್ತು, ಚಾಕಿ ಕೇಂದ್ರದವರಿಗೂ ಗೊತ್ತು, ಹುಳು ಆರಿಸಲು ಬರುವ ಕೂಲಿಯವರಿಗೂ ಗೊತ್ತು. ಇಡೀ ಊರಿಗೆ ಅವರ ತಾರೀಖು ಗೊತ್ತಿತ್ತು. ಅವರಿಗಿದ್ದ ನೋವು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನೋವು ಇದ್ದದ್ದು ಎದೆಯಲ್ಲಿ. ಹೃದಯದ ಕಡೆಯದಲ್ಲ, ಎರಡೂ ಮೊಲೆಗಳಲ್ಲಿ, ಕಂಕುಳಿನವರೆಗೂ. ನಾಲ್ಕನೇ ಜ್ವರದಿಂದ ಹುಳು ಎದ್ದ ದಿನವೋ ಮಾರನೇ ದಿನವೋ ಶುರುವಾಗುತ್ತಿತ್ತು. ಕಲ್ಲು ಕಟ್ಟಿದಂತೆ ಭಾರ, ರವಿಕೆ ತಾಗಿದರೂ ಉರಿ, ಒಳಗೆ ಹರಳು ಹರಳಾಗಿ ಕೈಗೆ ಸಿಗುವುದು. ಅವರು ಹಳೇ ಟವೆಲನ್ನು ಎದೆಗೆ ಬಿಗಿದು ಕಟ್ಟಿಕೊಂಡು ಅದರ ಮೇಲೆ ರವಿಕೆ ತೊಟ್ಟು ಸೊಪ್ಪು ಹೊರುತ್ತಿದ್ದರು. ಹುಳು ಚಂದ್ರಿಕೆ ಹತ್ತುತ್ತಿತ್ತು, ಅವರು ಹೊರಗೆ ಕೂರುತ್ತಿದ್ದರು, ಹೊರೆ ಇಲ್ಲ, ಕೈಗೆ ಬಿಡುವು, ಎರಡು ದಿನದಲ್ಲಿ ನೋವು ಇಳಿದುಹೋಗುತ್ತಿತ್ತು. ಹಾಗಾಗಿ ಅವರು ವರ್ಷಗಟ್ಟಲೆ ನಂಬಿಕೊಂಡಿದ್ದು ಒಂದೇ: ಇದು ಸೊಪ್ಪಿನ ಹೊರೆಯ ನೋವು. ಹೊತ್ತರೆ ಬರುತ್ತದೆ, ಕೂತರೆ ಹೋಗುತ್ತದೆ. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ನಾನೇ ಅವರ ಜಾಗದಲ್ಲಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ತುಂಬಾ ಆಮೇಲೆ.

ಪಿಯುಸಿ ಮುಗಿಯಿತು. ನಾನೂ ಹಂಸಳೂ ಕೋಲಾರದಲ್ಲಿ ಬಿಎಸ್ಸಿಗೆ ಸೇರಿದೆವು. ಅವಳಿಗೆ ನನಗಿಂತ ಜಾಸ್ತಿ ಮಾರ್ಕ್ಸು. ಕೆಮಿಸ್ಟ್ರಿ ಎಂದರೆ ಅವಳಿಗೆ ಹುಚ್ಚು, ಲ್ಯಾಬಿನಲ್ಲಿ ಬಣ್ಣ ಬದಲಾದರೆ ಕುಣಿಯುತ್ತಿದ್ದಳು. ಅವಳು ಅಲ್ಲೇ ಹಾಸ್ಟೆಲ್ಲಿನಲ್ಲಿದ್ದಳು, ನಾನು ಮಾಲೂರಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆ ವರ್ಷ ದಸರಾ ಮುಗಿದ ಮೇಲೆ ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದರು, ಗಾಳಿ ಈ ಕಡೆಗೆ ಬೀಸಿತು, ಆ ಸೊಪ್ಪು ತಿಂದ ಹುಳು ಎಲ್ಲ ವಾಂತಿ ಮಾಡಿಕೊಂಡು ಸತ್ತವು. ತೋಟವನ್ನು ಬುಡಕ್ಕೆ ಕತ್ತರಿಸಿ, ಹುಳು ಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಹೊಸ ಸೊಪ್ಪು ಬರುವವರೆಗೆ ಖಾಲಿ ಬಿಟ್ಟರು. ಮದುವೆಯಾಗಿ ಬಂದಾಗಿನಿಂದ ಸುನಂದಾಂಟಿಗೆ ಮೊದಲ ಸಲ ಕೈ ಖಾಲಿ. ಹೊರೆ ಇಲ್ಲ, ಸೊಪ್ಪು ಇಲ್ಲ, ಏನೂ ಇಲ್ಲ.

ನೋವು ಮಾತ್ರ ಬಂತು. ಮುಂದಿನ ತಿಂಗಳೂ ಬಂತು.

ಹೊರೆ ಹೊರದಿದ್ದರೂ ಬಂದ ನೋವು ಹೊರೆಯದ್ದಲ್ಲ. ಅಲ್ಲಿಯವರೆಗೆ ಅವರ ಯೋಚನೆ ಸರಿಯೇ. ಅಲ್ಲಿಂದ ಮುಂದೆ ಅವರಿಗೆ ಕಂಡದ್ದು ಒಂದೇ ದಾರಿ, ಯಾಕೆಂದರೆ ಅವರ ತಾಯಿ ಮುತ್ಯಾಲಮ್ಮ ಸತ್ತದ್ದು ಮೊಲೆಯ ಕ್ಯಾನ್ಸರಿನಿಂದ. ಶ್ರೀನಿವಾಸಪುರದ ಹತ್ತಿರದ ತವರಿನಲ್ಲಿ ಆಕೆ ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಅದು ಒಡೆದು ಹುಣ್ಣಾಗಿ ವಾಸನೆ ಬಂದ ಮೇಲೆ ಮಗಳಿಗೆ ತೋರಿಸಿದ್ದರಂತೆ. ಸುನಂದಾಂಟಿ ಬಚ್ಚಲಿನಲ್ಲಿ ಕೈಯಿಂದ ಒತ್ತಿ ನೋಡಿಕೊಂಡರು, ಹರಳುಗಳು ಸಿಕ್ಕವು. ಮತ್ತೆ ಒತ್ತಿದರು, ಇನ್ನೂ ನೋವಾಯಿತು. ಅವತ್ತೇ ತೀರ್ಮಾನ ಮಾಡಿಬಿಟ್ಟರು.

ಹಂಸ ಒಂದು ಸೋಮವಾರ ಲ್ಯಾಬಿಗೆ ಬರಲಿಲ್ಲ. ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಮುಖ ತಿರುಗಿಸದೆ ಹೇಳಿದಳು: "ಅಮ್ಮಂಗೆ ಅಮ್ಮಮ್ಮನ ಕಾಯಿಲೆ ಬಂದಿದೆ ಕಣೇ. ಅವಳು ಹೋಗೋದ್ರೊಳಗೆ ನನ್ನ ಮದುವೆ ನೋಡ್ಬೇಕಂತೆ."

ಮುಳಬಾಗಿಲ ಕಡೆಯ ಸಂಬಂಧ, ಹುಡುಗನ ಹೆಸರು ವೆಂಕಟ್, ಸ್ವಂತ ಟೆಂಪೋದಲ್ಲಿ ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಸಾಗಿಸುತ್ತಾನೆ. ಮೊದಲೇ ಕೇಳಿದ್ದರು, ಓದು ಮುಗಿಯಲಿ ಎಂದು ಇದೇ ಸುನಂದಾಂಟಿಯೇ ಎರಡು ಸಲ ಬೇಡ ಅಂದಿದ್ದರು. ಈಗ ತಾವೇ ಹೇಳಿಕಳಿಸಿದ್ದಾರೆ. ಯಾವ ಡಾಕ್ಟರು ಹೇಳಿದ್ದು ಎಂದು ನಾನು ಕೇಳಿದೆ. ಯಾವ ಡಾಕ್ಟರೂ ಇಲ್ಲ. ಮದುವೆ ಆಗುವವರೆಗೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಾರಂತೆ. ಎಲ್ಲಿ ನೋವು, ಹೇಗೆ ನೋವು ಎಂದು ಕೇಳಿದರೆ, ಅದನ್ನೆಲ್ಲ ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದು ಎದ್ದುಹೋಗುತ್ತಾರಂತೆ.

ನಾನು ಆ ಭಾನುವಾರವೇ ಲಕ್ಕೂರಿನ ಬಸ್ಸು ಹತ್ತಿದೆ. ಗೂಗಲಿನಲ್ಲಿ ಏನೇನೋ ಓದಿಕೊಂಡು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಸುನಂದಾಂಟಿ ಖಾಲಿ ಹುಳು ಮನೆಯ ಹೊಸ್ತಿಲಲ್ಲಿ ಕೂತು ಚಂದ್ರಿಕೆಗಳಿಗೆ ಅಂಟಿದ ಹಳೇ ನೂಲು ಸುಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಬೇಗ ತೋರಿಸಿದರೆ ಕ್ಯಾನ್ಸರೂ ವಾಸಿಯಾಗುತ್ತದೆ, ಬೇರೆ ಏನಾದರೂ ಇರಬಹುದು, ಒಂದು ಸಲ ಬನ್ನಿ ಎಂದೆ. ಅವರು ಬೆಂಕಿಯ ಕಡ್ಡಿ ಆರಿಸಿ ನನ್ನ ಕಡೆ ತಿರುಗಿದರು.

"ನಿಖತ್ತು, ನಾನು ಕೋಲಾರದ ಆಸ್ಪತ್ರೇಲಿ ಚೀಟಿ ಹಿಡ್ಕೊಂಡು ಕೂತ್ರೆ ನಮ್ಮೂರಿನವರು ಹತ್ತು ಜನ ನೋಡ್ತಾರೆ. ಸಂಜೆಗೆ ಮುಳಬಾಗಿಲಿಗೆ ಸುದ್ದಿ ಹೋಗ್ತದೆ. ಅಜ್ಜಿಗಿತ್ತು, ತಾಯಿಗಿದೆ, ನಾಳೆ ಮಗಳಿಗೆ ಬರಲ್ವಾ ಅಂತಾರೆ. ಆಮೇಲೆ ನನ್ನ ಹುಡುಗೀನ ಯಾರು ಮಾಡ್ಕೋತಾರೆ? ನೀನು ಮಾಡ್ಕೋತೀಯಾ?"

ನನಗೆ ನಗು ಬಂತು, ಅಳುವೂ ಬಂತು. ಅವಳು ಓದಿ ಕೆಲಸಕ್ಕೆ ಸೇರುತ್ತಾಳೆ, ಯಾರೂ ಮಾಡಿಕೊಳ್ಳಬೇಕಾಗಿಲ್ಲ ಎಂದೆ. ಅವರು ಮತ್ತೆ ಚಂದ್ರಿಕೆ ಕೈಗೆತ್ತಿಕೊಂಡರು. ತಾಯಿ ಇಲ್ಲದ ಮನೆಯಲ್ಲಿ ಹಂಸ ಸೊಪ್ಪು ಹೊರಬೇಕಾಗುತ್ತದೆ, ಅಜ್ಜಿ ಅವಳ ತಾರೀಖು ನೋಡಿಕೊಂಡು ಚಾಕಿ ತರಿಸುತ್ತಾರೆ, ಅದಕ್ಕಿಂತ ಗಂಡನ ಮನೆಯೇ ಮೇಲು ಎಂದು ಅವರು ಹೇಳಿದ್ದು ನನಗಲ್ಲ, ಕೈಯಲ್ಲಿದ್ದ ಚಂದ್ರಿಕೆಗೆ ಹೇಳಿದ ಹಾಗಿತ್ತು. ಮಗಳನ್ನು ಅವರು ಪ್ರೀತಿಸದೆ ಕೊಟ್ಟರು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ಹೋಗುತ್ತೇನೆ.

ಹಂಸ ಒಪ್ಪಿದಳು. ಸಾಯುವ ತಾಯಿಗೆ ಇಲ್ಲ ಅನ್ನುವುದು ಹೇಗೆ? ಎರಡನೇ ಸೆಮಿಸ್ಟರಿನ ಕ್ಲಾಸು ಶುರುವಾಗುವ ಹೊತ್ತಿಗೆ, ಸಂಕ್ರಾಂತಿ ಕಳೆದ ಮೇಲೆ ಮದುವೆಯಾಯಿತು. ಓದು ಮುಂದುವರಿಸುವ ಮಾತು ಬಂದಾಗ ಗಂಡಿನ ತಂದೆ ದೊಡ್ಡಮುನಿಯಪ್ಪನವರು ನಗುನಗುತ್ತಾ, ನೋಡೋಣ ಬಿಡಿ ಎಂದರು. ಮದುವೆಯ ದಿನವೂ ಸುನಂದಾಂಟಿಗೆ ನೋವಿತ್ತು. ಹೊಸ ರೇಷ್ಮೆ ರವಿಕೆ ಬಿಗಿಯಾಗಿ, ಮಗಳನ್ನು ತಬ್ಬಿಕೊಳ್ಳಲೂ ಆಗದೆ, ಬರೀ ಅವಳ ತಲೆ ಹಿಡಿದುಕೊಂಡು ನಿಂತಿದ್ದರು. ಎಲ್ಲರೂ ಎಷ್ಟು ಗಟ್ಟಿ ಮನಸ್ಸು ಎಂದು ಮಾತಾಡಿಕೊಂಡರು.

ಮದುವೆ ಮುಗಿದ ಮೇಲೆ ಹಂಸ ಮುಳಬಾಗಿಲಿನಿಂದ ಫೋನು ಮಾಡಿ, ಅಮ್ಮ ಆಸ್ಪತ್ರೆಗೆ ಒಪ್ಪಿದ್ದಾಳೆ, ಅಪ್ಪನಿಗೆ ಅಲ್ಲಿ ಹೇಳಲು ಕೇಳಲು ಬರುವುದಿಲ್ಲ, ನೀನೇ ಜೊತೆಗೆ ಹೋಗು ಎಂದು ಬೇಡಿಕೊಂಡಳು. ನಮ್ಮಮ್ಮ ತಾಜುನ್ನೀಸಾಗೆ ವಿಷಯ ಹೇಳಿದೆ. ಅಮ್ಮ ರವಿಕೆ ಹೊಲಿಯುವ ಮಿಷನ್ನು ನಿಲ್ಲಿಸಿ, "ಜಾ ಬೇಟಾ, ಕಾಲೇಜು ಎಲ್ಲಿಗೂ ಓಡಿಹೋಗಲ್ಲ" ಎಂದರು. ಹೀಗೆ ನಾನು, ಸುನಂದಾಂಟಿ, ಅಶ್ವತ್ಥಪ್ಪ ಅಂಕಲ್ ಕೋಲಾರದ ಆಸ್ಪತ್ರೆಗೆ ಹೋದೆವು. ಅಂಕಲ್ ಹೆಂಗಸರ ವಿಭಾಗದ ಹೊರಗಿನ ಬೇವಿನ ಮರದ ಕೆಳಗೆ ಕೂತುಬಿಟ್ಟರು, ಒಳಗೆ ಬರಲು ಅವರಿಗೆ ನಾಚಿಕೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ನಿಧಾನ. ಮೊದಲು ಪರೀಕ್ಷೆ ಮಾಡಿದರು, ಎರಡೂ ಕಡೆ, ಕಂಕುಳಲ್ಲೂ. ಆಮೇಲೆ ಕೂರಿಸಿ, ನೋವು ಯಾವಾಗ ಶುರುವಾಗುತ್ತದೆ ಎಂದು ಕೇಳಿದರು.

"ನಾಕನೇ ಜ್ವರ ಎದ್ದ ಮೇಲೆ" ಅಂದರು ಸುನಂದಾಂಟಿ.

"ಜ್ವರ ಬೇರೆ ಬರತ್ತಾ ನಿಮ್ಗೆ?"

"ನನಗಲ್ಲಮ್ಮ, ಹುಳಕ್ಕೆ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಉಸಿರು ಬಿಡದೆ ರೇಷ್ಮೆ ಹುಳುವಿನ ಇಡೀ ಕತೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಸರಿ, ನೋವು ಹೋಗುವುದು ಯಾವಾಗ ಎಂದರು.

"ಹುಳ ಚಂದ್ರಿಕೆ ಹತ್ತಿದ ಮೇಲೆ. ಅವಾಗ ನಾನು ಹೊರಗಿರ್ತೀನಲ್ಲ, ಹೊರೆ ಇರಲ್ಲ."

"ಹೊರಗಿರೋದು ಅಂದ್ರೆ?"

ಸುನಂದಾಂಟಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, ಮುಟ್ಟು ಎಂದರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಪ್ರತಿ ಸಲವೂ ಹಾಗೆಯೇನಾ ಎಂದು ಕೇಳಿದರು. ಪ್ರತಿ ಸಲ, ಅತ್ತೆ ಹಾಗೇ ಹೊಂದಿಸಿರುವುದು ಎಂದರು ಇವರು. ಹುಳು ಮನೆ ಖಾಲಿ ಇದ್ದಾಗಲೂ ನೋವು ಬಂತು ಅಂದಿರಿ, ಆಗ ಮುಟ್ಟು ಬಂತಾ? ಬಂತು. ಬಂದ ಮೇಲೆ ನೋವು?

ಸುನಂದಾಂಟಿ ಬೆರಳು ಮಡಿಸಿ ದಿನ ಎಣಿಸಿದರು.

"ಹೋಯ್ತು" ಅಂದರು. "ಮತ್ತೆ ಬಂತಲ್ಲ, ಅದಕ್ಕೇ ಒಳಗೆ ಅವಿತುಕೊಂಡು ಕೂತಿದೆ ಅಂದ್ಕೊಂಡೆ."

ಡಾಕ್ಟರಮ್ಮ ಅವತ್ತೇ ಏನೂ ತೀರ್ಪು ಕೊಡಲಿಲ್ಲ. ತಾಯಿಗೆ ಕ್ಯಾನ್ಸರ್ ಇದ್ದದ್ದರಿಂದ ಎರಡು ಥರದ ಸ್ಕ್ಯಾನು ಮಾಡಿಸಲೇಬೇಕು ಎಂದರು. ಮುಂದಿನ ವಾರ ಅದೂ ಆಯಿತು. ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಗಂಟು ಇಲ್ಲ, ಏನೂ ಇಲ್ಲ, ಇದು ಮುಟ್ಟಿನ ಜೊತೆ ಬಂದು ಹೋಗುವ ನೋವು ಎಂದರು. ಪ್ರತಿ ತಿಂಗಳೂ ಮುಟ್ಟಿಗೆ ಮುಂಚೆ ಮೈಯೊಳಗೆ ಹಾರ್ಮೋನು ಏರಿಳಿಯುತ್ತದೆ, ಅದಕ್ಕೆ ಮೊಲೆಯೊಳಗಿನ ಗ್ರಂಥಿಗಳು ಊದಿಕೊಳ್ಳುತ್ತವೆ, ನೀರು ತುಂಬಿದಂತಾಗಿ ಭಾರವಾಗುತ್ತದೆ, ಹರಳು ಹರಳಾಗಿ ಕೈಗೆ ಸಿಗುತ್ತದೆ. ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ, ಮುಟ್ಟಾದ ಮೇಲೆ ಇಳಿಯುತ್ತದೆ. ಎಷ್ಟೋ ಹೆಂಗಸರಿಗೆ ಇದು ಇರುತ್ತದೆ, ಹೇಳಿಕೊಳ್ಳುವವರು ಕಡಿಮೆ. ನಿಮ್ಮ ತಾಯಿಗೆ ಮೊದಮೊದಲು ನೋವಿತ್ತಾ ಎಂದು ಅವರು ಕೇಳಿದಾಗ ಸುನಂದಾಂಟಿ ಯೋಚಿಸಿ, ಇಲ್ಲ, ಗಂಟಿತ್ತು ಅಷ್ಟೇ, ನೋವೇ ಇಲ್ಲ ಅಂತ ಸುಮ್ಮನಿದ್ದಳು ಎಂದರು.

ಪರಿಹಾರ ಕೇಳಿದರೆ ನಂಬುವುದಿಲ್ಲ, ಅಷ್ಟು ಸುಲಭ. ಟವೆಲು ಬಿಗಿಯುವುದನ್ನು ಬಿಡಬೇಕು, ಅದು ಒತ್ತಿ ಒತ್ತಿ ಇನ್ನೂ ನೋಯಿಸುತ್ತದೆ. ಸರಿಯಾದ ಅಳತೆಯ ಬ್ರಾ ಹಾಕಿಕೊಳ್ಳಬೇಕು, ಎತ್ತಿ ಹಿಡಿಯುವಂಥದ್ದು. ಆ ವಾರ ರಾತ್ರಿಯೂ ಮೆತ್ತನೆಯದೊಂದು. ಬಿಸಿನೀರಿನ ಬಟ್ಟೆಯ ಶಾಖ, ಹಿತವಾದರೆ ತಣ್ಣೀರಿನದು. ತಡೆಯಲಾಗದ ದಿನ ಪ್ಯಾರಾಸಿಟಮಾಲ್ ಮಾತ್ರೆ. ನೋವಿಗೆ ಸವರುವ ಮುಲಾಮು ಬರೆಯುತ್ತೇನೆ ಎಂದಾಗ ಸುನಂದಾಂಟಿ, ಆ ಗಾಟಿಗೆ ನಮ್ಮ ಹುಳು ಸೊಪ್ಪು ಮುಟ್ಟುವುದಿಲ್ಲ ಎಂದು ಬೇಡ ಅಂದರು. ಡಾಕ್ಟರಮ್ಮ ನಕ್ಕು ಅದನ್ನು ಹೊಡೆದುಹಾಕಿದರು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಿದರು: ಹೊಸದಾಗಿ ಗಂಟು ಸಿಕ್ಕರೆ, ಮುಟ್ಟು ಮುಗಿದ ಮೇಲೂ ಇಳಿಯದಿದ್ದರೆ, ಒಂದೇ ಜಾಗದಲ್ಲಿ ನೋವು ನಿಂತರೆ, ತೊಟ್ಟಿನಿಂದ ರಕ್ತವೋ ನೀರೋ ಬಂದರೆ, ಚರ್ಮ ಒಳಗೆ ಎಳೆದುಕೊಂಡರೆ ಕಾಯದೆ ಬರಬೇಕು. ತಾಯಿಗೆ ಇದ್ದದ್ದರಿಂದ ಹೇಳಿದ ಹೊತ್ತಿಗೆ ಬಂದು ತೋರಿಸಿಕೊಳ್ಳುತ್ತಿರಬೇಕು.

ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಅವರನ್ನು ತಬ್ಬಿಕೊಂಡೆ, ಆಮೇಲೆ ನೋವು ನೆನಪಾಗಿ ಬಿಟ್ಟೆ. ಕ್ಯಾನ್ಸರ್ ಇಲ್ಲ! ಹೊರಗೆ ಓಡಿಹೋಗಿ ಮರದ ಕೆಳಗಿದ್ದ ಅಂಕಲ್‌ಗೆ ಹೇಳಿದೆ, ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ವಾಪಸ್ಸು ಬಂದಾಗ ಸುನಂದಾಂಟಿ ಕುರ್ಚಿಯಿಂದ ಎದ್ದಿರಲಿಲ್ಲ. ಡಾಕ್ಟರಮ್ಮನಿಗೆ ಹೇಳುತ್ತಿದ್ದರು:

"ಏನೂ ಇಲ್ವಾ? ಇನ್ನೊಂದು ಸಲ ನೋಡಿ ತಾಯಿ. ಇರ್ಬೇಕು."

ಡಾಕ್ಟರಮ್ಮನಿಗೆ ಅದು ಭಯದ ಮಾತು ಅನಿಸಿತು, ಇಲ್ಲ, ಧೈರ್ಯವಾಗಿ ಮನೆಗೆ ಹೋಗಿ ಎಂದು ಭುಜ ತಟ್ಟಿದರು. ನಾನು ಆಗಲೇ ಹಂಸಳ ನಂಬರು ಒತ್ತಿದ್ದೆ. ಸುನಂದಾಂಟಿ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ನಾನೇ ಹೋಗಿ ಹೇಳುತ್ತೇನೆ, ಅವಳನ್ನು ಕರೆದುಕೊಂಡು ಬರುತ್ತೇನೆ, ಪರೀಕ್ಷೆಗೆ ಇನ್ನೂ ಟೈಮಿದೆಯಲ್ಲ ಎಂದು ಕೇಳಿದರು. ಇದೆ ಎಂದೆ. ಅಂಕಲ್‌ಗೆ ಊರಿನ ಬಸ್ಸು ಹತ್ತಿಸಿ, ನಾವಿಬ್ಬರು ಅಲ್ಲಿಂದಲೇ ಮುಳಬಾಗಿಲಿಗೆ ಹೊರಟೆವು. ಹೈವೇಯಲ್ಲಿ ಬಸ್ಸು ಹಾರುತ್ತಿತ್ತು, ನಾನು ಒಂದೇ ಸಮನೆ ಮಾತಾಡುತ್ತಿದ್ದೆ, ಹಾಜರಾತಿ ಹೇಗೆ ಸರಿಮಾಡಿಸುವುದು, ಯಾವ ಮೇಡಮ್ಮನ್ನು ಹಿಡಿಯುವುದು, ನನ್ನ ನೋಟ್ಸು ಎಲ್ಲ ಕೊಡುತ್ತೇನೆ ಎಂದು. ಅವರು ಹ್ಞೂ ಹ್ಞೂ ಅನ್ನುತ್ತಾ ಕಿಟಕಿಯಾಚೆ ನೋಡುತ್ತಿದ್ದರು.

ಬೀಗರ ಮನೆಯಲ್ಲಿ ಮರ್ಯಾದೆಗೇನೂ ಕಡಿಮೆಯಿರಲಿಲ್ಲ. ಕುರ್ಚಿ ಹಾಕಿದರು, ಮಜ್ಜಿಗೆ ಕೊಟ್ಟರು. ವೆಂಕಟ್ ಮಾರ್ಕೆಟ್ಟಿಗೆ ಹೋಗಿದ್ದ. ಆಸ್ಪತ್ರೆಯ ಮಾತು ಎತ್ತುವಂತಿಲ್ಲ, ಯಾಕೆಂದರೆ ಕಾಯಿಲೆಯ ಮಾತನ್ನೇ ಅವರಿಗೆ ಹೇಳಿರಲಿಲ್ಲ. ಹಾಗಾಗಿ ಸುನಂದಾಂಟಿ ಸುಮ್ಮನೆ, ಮಗಳು ಈ ವರ್ಷದ ಪರೀಕ್ಷೆ ಬರೆಯಲಿ ಬೀಗರೇ, ಹಾಸ್ಟೆಲ್ಲು ಬೇಡ, ನಮ್ಮ ಮನೆಯಿಂದ ಓಡಾಡಲಿ ಎಂದು ಕೇಳಿದರು. ದೊಡ್ಡಮುನಿಯಪ್ಪನವರು ಹಲ್ಲುಕಡ್ಡಿ ತೆಗೆದು ಪಕ್ಕಕ್ಕಿಟ್ಟರು.

"ಎರಡು ಸಲ ಓದು ಓದು ಅಂತ ವಾಪಸ್ ಕಳಿಸಿದ್ದು ನೀವೇ. ಬೇಗ ಮುಗಿಸಿ ಅಂತ ಹೇಳಿಕಳಿಸಿದ್ದೂ ನೀವೇ. ಈಗ ಮತ್ತೆ ಓದು ಅಂತೀರ. ಮುಂದಿನ ವರ್ಷ ನೋಡಾಣ ಬಿಡಿ ಬೀಗಿತ್ತಮ್ಮ" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಹಂಸ ನಮ್ಮಿಬ್ಬರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ತೊಳೆಯುವ ಕಲ್ಲಿನ ಹತ್ತಿರ ನಿಂತು, ಡಾಕ್ಟರು ಏನಂದರು ಎಂದಳು. ಸುನಂದಾಂಟಿ ನನ್ನ ಕಡೆ ನೋಡಿದರು, ನಾನೇ ಹೇಳಿದೆ, ಎಲ್ಲವನ್ನೂ, ಗ್ರಂಥಿ, ಹಾರ್ಮೋನು, ಮುಟ್ಟಿಗೆ ಮುಂಚಿನ ವಾರ, ಬ್ರಾ, ಮಾತ್ರೆ. ಹಂಸ ಕೇಳಿಸಿಕೊಂಡು ತಾಯಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅತ್ತಳು. ಆಮೇಲೆ ಕೈ ಬಿಟ್ಟಳು.

"ಇದು ನಂಗೂ ಬರತ್ತಮ್ಮ" ಅಂದಳು. "ಹೈಸ್ಕೂಲಿನಿಂದ ಬರತ್ತೆ. ಹಾಸ್ಟೆಲ್ಲಲ್ಲಿ ಅರ್ಧ ಜನಕ್ಕೆ ಬರತ್ತೆ, ಶಾಖ ಕೊಟ್ಕೊಂಡು ಮಲಗ್ತೀವಿ. ಎಲ್ಲಿ ನೋವು, ಯಾವಾಗ ನೋವು ಅಂತ ಎಷ್ಟು ಸಲ ಕೇಳ್ದೆ ನಿನ್ನ. ಒಂದು ಸಲ ಹೇಳಿದ್ರೆ ಸಾಕಾಗಿತ್ತು."

ಸುನಂದಾಂಟಿ ಕಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ, ಈಗಲೇ ಎದ್ದು ನನ್ನ ಜೊತೆ ಬಾ, ಯಾರು ಏನಂದರೂ ಅನ್ನಲಿ, ನಾನು ನೋಡಿಕೊಳ್ಳುತ್ತೇನೆ ಎಂದರು. ಹಂಸ ಬೇಡವೆಂದು ತಲೆಯಾಡಿಸಿದಳು. ವೆಂಕಟ್ ಒಳ್ಳೆಯವನೇ, ಮದುವೆಯಾಗಿ ತಿಂಗಳಿಗೇ ಬಿಟ್ಟು ಬಂದರೆ ಅವನು ಯಾರಿಗೆ ಮುಖ ತೋರಿಸುತ್ತಾನೆ, ನೀನು ಯಾರಿಗೆ ತೋರಿಸುತ್ತೀಯ, ಕಾರಣ ಕೇಳಿದರೆ ಏನು ಹೇಳುವುದು, ನಮ್ಮಮ್ಮ ಸಾಯುತ್ತಾಳೆ ಅಂದುಕೊಂಡಿದ್ದೆವು, ಸಾಯಲಿಲ್ಲ ಎಂದಾ? ಇದನ್ನೆಲ್ಲ ಅವಳು ಕೂಗಾಡದೆ, ನೀರು ತುಂಬಿಸುತ್ತಾ ಹೇಳಿದಳು. ಒಳಗಿನಿಂದ ಅತ್ತೆ ಕರೆದರು. ಬಂದೆ ಎಂದು ಬಿಂದಿಗೆ ಎತ್ತಿಕೊಂಡು ಹೋದಳು. ಕ್ಲಾಸಿನಲ್ಲಿ ಈಗ ಯಾವ ಪಾಠ ನಡೆಯುತ್ತಿದೆ ಎಂದು ಒಂದು ಮಾತೂ ನನ್ನನ್ನು ಕೇಳಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, ನೀವು ಚೆನ್ನಾಗಿದ್ದೀರಲ್ಲ ಆಂಟಿ, ಅದೇ ದೊಡ್ಡದು ಎಂದೆ.

"ಗಂಟು ಇದ್ದಿದ್ರೆ ಚೆನ್ನಾಗಿರ್ತಿತ್ತು ನಿಖತ್ತು" ಅಂದರು ಅವರು. "ಲೆಕ್ಕ ಸರಿಹೋಗ್ತಿತ್ತು."

ಮಾರನೇ ವಾರ ನಮ್ಮಮ್ಮ ಅವರನ್ನು ಮಾಲೂರಿನ ಅಂಗಡಿಗೆ ಕರೆದುಕೊಂಡು ಹೋಗಿ ಅಳತೆ ತೆಗೆಸಿ ಬ್ರಾ ಕೊಡಿಸಿದರು. ಹುಳು ಮನೆಯಲ್ಲಿ ಮತ್ತೆ ಬೆಳೆ ಶುರುವಾಗಿತ್ತು. ಎರಡು ತಿಂಗಳ ಮೇಲೆ ನಾನು ಹೋದಾಗ ನಾಲ್ಕನೇ ಜ್ವರ ಕಳೆದು ಹುಳು ಎದ್ದಿದ್ದವು, ಅವರು ಹೊರೆ ಹೊರುತ್ತಿದ್ದರು. ನೋವು ಹೇಗಿದೆ ಎಂದು ಕೇಳಿದೆ. ತುಂಬಾ ಕಡಿಮೆ, ಇದೆಯೋ ಇಲ್ಲವೋ ಅನ್ನುವಷ್ಟು, ಮಾತ್ರೆಯೂ ಬೇಕಾಗಲಿಲ್ಲ ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಇಷ್ಟು ಸುಲಭವಾಗಿ ಕಡಿಮೆಯಾಗುವ ನೋವು ಅಂತ ಗೊತ್ತಾದಷ್ಟೂ ಅವರಿಗೆ ಅದು ಜಾಸ್ತಿ ಕಹಿಯಾಗುತ್ತಿತ್ತು ಅನಿಸುತ್ತದೆ. ನನ್ನ ಪರೀಕ್ಷೆ ಯಾವಾಗ ಎಂದು ಕೇಳಿದರು. ಮುಂದಿನ ಬುಧವಾರ, ಕೆಮಿಸ್ಟ್ರಿ ಎಂದೆ. ಚೆನ್ನಾಗಿ ಬರಿ ಎಂದು ಹೇಳಿ, ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಒಳಗೆ ಹೋದರು.